ಒಂದೇ ಸಾಲಿನ ಕಥೆಯಲ್ಲಿ ಯಾರು ಹೀರೋ? ಉರಿಗೌಡನಿಂದ ಡೆಲಿವರಿ ಹುಡುಗನವರೆಗೆ

2023ರ ಮಾರ್ಚ್ ನೆನಪಿದೆಯಾ? ವಿಧಾನಸಭಾ ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ಆಗ ತೋಟಗಾರಿಕೆ ಸಚಿವರಾಗಿದ್ದ, ಸಿನಿಮಾ ನಿರ್ಮಾಪಕರೂ ಆಗಿರುವ ಮುನಿರತ್ನ ‘ಉರಿಗೌಡ ನಂಜೇಗೌಡ’ ಅನ್ನೋ ಸಿನಿಮಾ ಮಾಡ್ತೀನಿ ಅಂತ ಹೊರಟರು. ಶೀರ್ಷಿಕೆಗಾಗಿ ಫಿಲ್ಮ್ ಚೇಂಬರ್‌ಗೆ ಅರ್ಜಿಯೂ ಹೋಯಿತು. ಕೆಲವೇ ದಿನಗಳಲ್ಲಿ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಅವರ ಜೊತೆ ಮಾತಾಡಿದರು. ಅದಾದ ಮೇಲೆ ಸಿನಿಮಾ ಕೈಬಿಟ್ಟಿದ್ದೇನೆ ಅಂತ ಸಚಿವರೇ ಹೇಳಿದರು. ಸಿನಿಮಾ ಸೆಟ್ಟೇರಲೇ ಇಲ್ಲ.

ಆದರೆ ಸಿನಿಮಾ ಇಲ್ಲದಿದ್ದರೂ ಅದರ ಒಂದು ಸಾಲು ಮಾತ್ರ ಊರೂರು ಸುತ್ತಿತು: ‘ಟಿಪ್ಪುವನ್ನು ಕೊಂದದ್ದು ಬ್ರಿಟಿಷರಲ್ಲ, ಇಬ್ಬರು ಒಕ್ಕಲಿಗ ವೀರರು.’ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ, ಬ್ರಿಟಿಷರ ದಾಳಿಯಲ್ಲಿ ಟಿಪ್ಪು ಸತ್ತದ್ದಕ್ಕೆ ದಾಖಲೆ ಇದೆ. ಈ ಇಬ್ಬರು ಅವನನ್ನು ಕೊಂದರು ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಇತಿಹಾಸಕಾರರು ಆಗಲೇ ಹೇಳಿದರು. ಆದರೂ ಟೀವಿ ಚರ್ಚೆ, ವಾಟ್ಸಾಪ್ ಗ್ರೂಪು, ಮಂಡ್ಯದ ಟೀ ಅಂಗಡಿ, ಎಲ್ಲಾ ಕಡೆ ಆ ಸಾಲು ಓಡಾಡಿತು. ಯಾಕೆ? ಆ ಸಾಲಿನಲ್ಲಿ ಒಂದು ಕಥೆಗೆ ಬೇಕಾದದ್ದೆಲ್ಲ ಇತ್ತು. ಹೀರೋ ಯಾರು, ವಿಲನ್ ಯಾರು, ಏನಾಯ್ತು, ಅದರಲ್ಲಿ ‘ನಮ್ಮವರು’ ಯಾರು. ಇಲ್ಲದೆ ಇದ್ದದ್ದು ಸತ್ಯ ಒಂದೇ.

ಸಿನಿಮಾದವರು ಇಂಥ ಸಾಲಿಗೆ ಲಾಗ್‌ಲೈನ್ ಅಂತಾರೆ. ಗಾಂಧಿನಗರದಲ್ಲಿ ಅದಕ್ಕೆ ‘ಒನ್‌ಲೈನ್’ ಅನ್ನೋದೇ ರೂಢಿ. ‘ಒನ್‌ಲೈನ್ ಹೇಳಪ್ಪಾ’ ಅಂತ ನಿರ್ಮಾಪಕರು ಕೇಳ್ತಾರಲ್ಲ, ಅದೇ. ಕಥೆ ಬರೆಯೋಕೆ ಹೊರಟ ಹುಡುಗ ಹುಡುಗಿಯರು ಇದನ್ನು ಒಂದು ಮಾರ್ಕೆಟಿಂಗ್ ತಲೆನೋವು ಅಂತ ತಿಳ್ಕೊಂಡಿರ್ತಾರೆ. ಸ್ಕ್ರಿಪ್ಟ್ ಮುಗಿದ ಮೇಲೆ ಕೊನೇಲಿ ಗೀಚಿದರಾಯ್ತು ಅಂತ. ನನ್ನ ವಾದ ಬೇರೆ. ಯಾರ ಕಥೆ, ಯಾರ ವಿರುದ್ಧ, ಯಾಕೆ ಅನ್ನೋ ರಾಜಕೀಯ ತೀರ್ಮಾನಗಳೆಲ್ಲ ನಡೆಯೋದು ಈ ಒಂದು ಸಾಲಿನಲ್ಲೇ. ಅದನ್ನು ಬರೆಯೋದು, ತಿದ್ದೋದು ಕಲಿತವರಿಗೆ ಕಥೆ ಹೇಳೋಕೂ ಬರುತ್ತೆ, ಬೇರೆಯವರು ಕಟ್ಟಿದ ಕಥೆಯನ್ನು ಬಿಚ್ಚಿ ನೋಡೋಕೂ ಬರುತ್ತೆ.

ಸಿನಿಮಾಕ್ಕಿಂತ ಮುಂದೆ ಓಡುವ ಸಾಲು

ಇನ್ನೊಂದು ಉದಾಹರಣೆ ನೋಡಿ. ‘ದಿ ಕೇರಳ ಸ್ಟೋರಿ’ ಟೀಸರ್ 2022ರ ನವೆಂಬರ್‌ನಲ್ಲಿ ಬಂದಾಗ ಅದರ ಕೇಂದ್ರದಲ್ಲಿ ಇದ್ದದ್ದು ಒಂದು ಸಂಖ್ಯೆ: ಕೇರಳದ 32,000 ಹೆಣ್ಣುಮಕ್ಕಳು. 2023ರ ಮೇ 5ರಂದು ಸಿನಿಮಾ ಬಿಡುಗಡೆ ಆಯಿತು. ಅದೇ ದಿನ ಪ್ರಧಾನಿ ನರೇಂದ್ರ ಮೋದಿ ಬಳ್ಳಾರಿಯ ಚುನಾವಣಾ ಸಭೆಯಲ್ಲಿ ಈ ಸಿನಿಮಾದ ಪ್ರಸ್ತಾಪ ಮಾಡಿದರು. ನಮ್ಮಲ್ಲಿ ಮತದಾನ ಇದ್ದದ್ದು ಮೇ 10ಕ್ಕೆ.

ಅಷ್ಟರಲ್ಲಿ ಆ ಸಂಖ್ಯೆಯ ಕಥೆ ಏನಾಗಿತ್ತು ಗೊತ್ತಾ? ಯೂಟ್ಯೂಬ್‌ನಲ್ಲಿ ಟ್ರೈಲರ್ ಕೆಳಗಿನ ವಿವರಣೆಯಲ್ಲಿ 32,000 ಹೋಗಿ, ಮೂವರು ಯುವತಿಯರ ಕಥೆ ಅಂತ ಬದಲಾಗಿತ್ತು. ಟೀಸರ್ ತೆಗೀತೀವಿ ಅಂತ ನಿರ್ಮಾಪಕರು ಕೇರಳ ಹೈಕೋರ್ಟ್‌ಗೆ ಹೇಳಿದರು. 32,000 ಅನ್ನೋ ಸಂಖ್ಯೆಗೆ ಅಧಿಕೃತ ಆಧಾರ ಇಲ್ಲ, ಇದು ಕಾಲ್ಪನಿಕ ರೂಪ ಅಂತ ಸಿನಿಮಾದಲ್ಲಿ ಸೂಚನೆ ಹಾಕ್ತೀವಿ ಅಂತ ಮೇ 18ರಂದು ಸುಪ್ರೀಂ ಕೋರ್ಟ್‌ಗೂ ಒಪ್ಪಿಕೊಂಡರು. ಆ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಮತ ಎಣಿಕೆಯೂ ಮುಗಿದು ಐದು ದಿನವಾಗಿತ್ತು.

ಮೂವರು ಹೆಣ್ಣುಮಕ್ಕಳ ಕಥೆ ಹೇಳೋದು ತಪ್ಪಲ್ಲ. ಒಬ್ಬಳ ಕಥೆ ಹೇಳಿದರೂ ತಪ್ಪಲ್ಲ, ಸಿನಿಮಾ ಇರೋದೇ ಅದಕ್ಕೆ. ಆದರೆ ಒಬ್ಬಳ ಕಥೆಯನ್ನು ಒಂದು ರಾಜ್ಯದ, ಒಂದು ಸಮುದಾಯದ ಕಥೆ ಅಂತ ಮಾರಬೇಕಾದರೆ ಸಾಲಿನಲ್ಲೇ ಮೋಸ ಮಾಡಬೇಕಾಗುತ್ತೆ. ತಿದ್ದುಪಡಿ ಕೋರ್ಟಿನ ಕಡತದಲ್ಲಿ ಉಳೀತು, ಮೊದಲಿನ ಸಾಲು ಜನರ ತಲೆಯಲ್ಲಿ ಉಳೀತು.

ಹಾಗಾದರೆ ಒಳ್ಳೆಯ ಒನ್‌ಲೈನ್ ಅಂದ್ರೆ ಏನು? ಅದು ಹೇಗೆ ಕೆಲಸ ಮಾಡುತ್ತೆ?

ನಾಲ್ಕು ಪ್ರಶ್ನೆ

ಹಾಲಿವುಡ್‌ನ ಹಳೇ ಸ್ಟುಡಿಯೋಗಳಿಗೆ ಬರುತ್ತಿದ್ದ ರಾಶಿ ರಾಶಿ ಸ್ಕ್ರಿಪ್ಟ್‌ಗಳ ಸಾರವನ್ನು ಲಾಗ್ ಪುಸ್ತಕದಲ್ಲಿ ಒಂದೊಂದು ಸಾಲಿನಲ್ಲಿ ಬರೆದಿಡುತ್ತಿದ್ದರು, ಅದರಿಂದ ಈ ಹೆಸರು ಬಂತು ಅಂತ ಹೇಳ್ತಾರೆ. ಪೋಸ್ಟರ್ ಮೇಲಿನ ಅಡಿಬರಹ ಇದಲ್ಲ. ಅಡಿಬರಹ ನಿಮ್ಮನ್ನು ಥಿಯೇಟರ್ ಒಳಗೆ ಎಳೆಯೋಕೆ ಇರೋದು, ಅದು ಕಥೆ ಹೇಳಬೇಕಾಗಿಲ್ಲ. ಒನ್‌ಲೈನ್ ಕಥೆಯ ಬೆನ್ನುಮೂಳೆ. ಅದು ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕು: ಯಾರು? ಅವರಿಗೆ ಏನು ಬೇಕು? ಯಾರು ಅಥವಾ ಯಾವುದು ಅಡ್ಡ ಬರುತ್ತೆ? ಸಿಗದಿದ್ದರೆ ಏನು ಹೋಗುತ್ತೆ? ಇದರ ಜೊತೆ ಒಂದು ವ್ಯಂಗ್ಯ, ಒಂದು ಕೊಕ್ಕೆ ಇದ್ದರೆ ಇನ್ನೂ ಒಳ್ಳೇದು. 2005ರಲ್ಲಿ ಬಂದ ಬ್ಲೇಕ್ ಸ್ನೈಡರ್ ಅವರ ‘ಸೇವ್ ದ ಕ್ಯಾಟ್’ ಪುಸ್ತಕ ಶುರುವಾಗೋದೇ ಲಾಗ್‌ಲೈನ್‌ನಿಂದ. ಅದರಲ್ಲಿ ವ್ಯಂಗ್ಯ ಇರಲೇಬೇಕು ಅಂತ ಅವರು ಹಟ ಹಿಡೀತಾರೆ.

ಇದೆಲ್ಲ ಹಾಲಿವುಡ್ ಲೆಕ್ಕ, ನಮಗೆ ಒಗ್ಗಲ್ಲ ಅಂತೀರಾ? ನಮ್ಮ ಸಿನಿಮಾಗಳನ್ನೇ ತಗೊಳ್ಳಿ.

‘ತಿಥಿ’. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ, ರಾಮ್ ರೆಡ್ಡಿ ನಿರ್ದೇಶನದ, ಈರೇಗೌಡ ಜೊತೆಗೂಡಿ ಬರೆದ ಚಿತ್ರ. ಅದರ ಒನ್‌ಲೈನ್ ನಾನು ಬರೆದರೆ ಹೀಗೆ: ‘ನೂರಾ ಒಂದು ವರ್ಷದ ಸೆಂಚುರಿ ಗೌಡ ಸತ್ತ. ಹನ್ನೊಂದನೇ ದಿನದ ತಿಥಿ ಬರುವಷ್ಟರಲ್ಲಿ ಮೊಮ್ಮಗ ತಮ್ಮಣ್ಣ ತಾತನ ಜಮೀನು ಮಾರಬೇಕು. ಆದರೆ ಜಮೀನು ಹೋಗಬೇಕಾದದ್ದು, ಯಾವುದೂ ಬೇಡವಾಗಿ ಅಲೆಯುವ ಅಪ್ಪ ಗಡ್ಡಪ್ಪನಿಗೆ. ಅದಕ್ಕೆ ತಮ್ಮಣ್ಣ, ಬದುಕಿರುವ ಅಪ್ಪನನ್ನು ಕಾಗದದಲ್ಲಿ ಸಾಯಿಸುತ್ತಾನೆ.’ ಯಾರು, ಏನು ಬೇಕು, ಏನು ಅಡ್ಡ, ಎಷ್ಟು ಸಮಯ, ಎಲ್ಲವೂ ಇದೆ. ಕೊನೆಯ ವಾಕ್ಯದಲ್ಲಿ ವ್ಯಂಗ್ಯವೂ ಇದೆ. ಕಂದಾಯ ಇಲಾಖೆಗೆ ಅಲೆದವರಿಗೆಲ್ಲ ಆ ವ್ಯಂಗ್ಯ ಅರ್ಥ ಆಗುತ್ತೆ.

‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಚಿದಾನಂದ ನಾಯ್ಕ್ ಅವರ ಈ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಒನ್‌ಲೈನ್: ‘ಮುದುಕಿಯೊಬ್ಬಳು ಊರಿನ ಹುಂಜ ಕದಿಯುತ್ತಾಳೆ. ಊರಿಗೆ ಬೆಳಗಾಗುವುದೇ ನಿಂತುಹೋಗುತ್ತದೆ.’ ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯ ಎಳೆಯೇ ಇದು. ಅಜ್ಜಿಗೆ ಲಾಗ್‌ಲೈನ್ ಅನ್ನೋ ಪದ ಗೊತ್ತಿರಲಿಲ್ಲ, ಅಷ್ಟೆ.

‘ಶಿವಮ್ಮ ಯರೇಹಂಚಿನಾಳ’. ಜೈಶಂಕರ್ ಆರ್ಯರ್ ನಿರ್ದೇಶನದ ಈ ಚಿತ್ರಕ್ಕೆ 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ‘ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಯವಳು ಹಾಸಿಗೆ ಹಿಡಿದ ಗಂಡನನ್ನು, ಮನೆಯನ್ನು ಉಳಿಸಿಕೊಳ್ಳಲು ಚೈನ್ ಮಾರ್ಕೆಟಿಂಗ್‌ನ ಎನರ್ಜಿ ಡ್ರಿಂಕ್ ಮಾರಲು ಹೊರಡುತ್ತಾಳೆ. ಕೊಳ್ಳಬೇಕಾದವರು ಅವಳಷ್ಟೇ ಬಡವರಾದ ಊರಿನವರು.’ ಹಳ್ಳಿಯ ಆರ್ಥಿಕತೆಯ ಬಗ್ಗೆ ಒಂದು ಸಂಪಾದಕೀಯ ಹೇಳುವಷ್ಟನ್ನು ಈ ಎರಡು ವಾಕ್ಯ ಹೇಳುತ್ತವೆ. ಆದರೆ ‘ಆರ್ಥಿಕತೆ’ ಅನ್ನೋ ಪದವೇ ಅಲ್ಲಿಲ್ಲ.

ಮೂರರಲ್ಲೂ ಒಂದು ಸಮಾನ ಅಂಶ ಗಮನಿಸಿ. ಎಲ್ಲೂ ‘ಮನಮಿಡಿಯುವ’, ‘ಹೃದಯಸ್ಪರ್ಶಿ’, ‘ಭಾವನೆಗಳ ಪಯಣ’ ಇಲ್ಲ. ಮನ ಮಿಡಿಯಬೇಕೋ ಬೇಡವೋ ಅಂತ ಪ್ರೇಕ್ಷಕರು ತೀರ್ಮಾನಿಸ್ತಾರೆ. ಬರೆಯುವವರು ಹೇಳಬೇಕಾದದ್ದು ಏನು ನಡೆಯುತ್ತೆ ಅನ್ನೋದನ್ನ.

ಒಂದೇ ಹೆಣ, ಎರಡು ಸಾಲು

ಈಗ ಸ್ವಲ್ಪ ಕಷ್ಟದ ಜಾಗಕ್ಕೆ ಬರೋಣ. ಒಂದೇ ಕಥೆಗೆ ಎರಡು ಸಾಲು ಬರೆಯಬಹುದು. ಯಾವ ಸಾಲು ಆರಿಸ್ತೀವಿ ಅನ್ನೋದರ ಮೇಲೆ ಸಿನಿಮಾ ಬದಲಾಗುತ್ತೆ.

ಅನಂತಮೂರ್ತಿಯವರ ‘ಸಂಸ್ಕಾರ’ ಬಂದದ್ದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದಾಗ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾಗಿ ನಟಿಸಿದವರು ಗಿರೀಶ ಕಾರ್ನಾಡ. ಸೆನ್ಸಾರ್ ಮಂಡಳಿ ಮೊದಲು ಅದನ್ನು ತಡೆಯಿತು. ಆಮೇಲೆ ಅದೇ ಚಿತ್ರ 1970ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಪಡೆಯಿತು.

ನಾವೆಲ್ಲ ಅದರ ಕಥೆ ಹೇಳೋದು ಹೀಗೆ: ‘ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ, ಎತ್ತಲು ಯಾರೂ ಮುಂದೆ ಬರುವುದಿಲ್ಲ. ಧರ್ಮ ಏನೆಂದು ಹೇಳಬೇಕಾದ ಪಂಡಿತ ಪ್ರಾಣೇಶಾಚಾರ್ಯ, ಸತ್ತವನ ಜೊತೆ ಬಾಳಿದ ಚಂದ್ರಿಯನ್ನೇ ಕೂಡುತ್ತಾನೆ.’ ಅದ್ಭುತವಾದ ಸಾಲು. ಪ್ರಶ್ನೆ ಇದೆ, ಗಡುವು ಇದೆ (ಹೆಣ ಕಾಯೋದಿಲ್ಲ), ವ್ಯಂಗ್ಯವಂತೂ ಇದ್ದೇ ಇದೆ.

ಈಗ ಅದೇ ಕಾದಂಬರಿಯನ್ನು ಇನ್ನೊಂದು ಕಡೆಯಿಂದ ಓದಿ: ‘ತಾನು ಕೂಡಿ ಬಾಳಿದವನ ಹೆಣ ಮನೆಯಲ್ಲಿ ಕೊಳೆಯುತ್ತಿದೆ. ಅಗ್ರಹಾರದ ಗಂಡಸರು ಶಾಸ್ತ್ರ ಹುಡುಕುತ್ತಾ, ಅವಳು ಬಿಚ್ಚಿಟ್ಟ ಒಡವೆಯ ಮೇಲೆ ಕಣ್ಣಿಟ್ಟಿದ್ದಾರೆ. ಚಂದ್ರಿ ರಾತ್ರೋರಾತ್ರಿ ಒಬ್ಬ ಮುಸ್ಲಿಮನ ನೆರವು ಪಡೆದು ಹೆಣ ಸುಟ್ಟು ಊರು ಬಿಡುತ್ತಾಳೆ. ಅಗ್ರಹಾರ ಇನ್ನೂ ಚರ್ಚೆ ಮಾಡುತ್ತಲೇ ಇದೆ.’

ಎರಡನೆಯದರಲ್ಲಿ ಒಂದು ಘಟನೆಯನ್ನೂ ನಾನು ಹೊಸದಾಗಿ ಸೇರಿಸಿಲ್ಲ. ಎಲ್ಲವೂ ಕಾದಂಬರಿಯಲ್ಲೇ ಇವೆ. ಆದರೆ ಸಮಸ್ಯೆ ಯಾರದ್ದು ಅನ್ನೋದು ಬದಲಾಯಿತು. ಮೊದಲ ಸಾಲಿನಲ್ಲಿ ಚಂದ್ರಿ ಆಚಾರ್ಯರ ಸಮಸ್ಯೆ. ಎರಡನೆಯದರಲ್ಲಿ ಕೆಲಸ ಮಾಡಿ ಮುಗಿಸೋದು ಅವಳೊಬ್ಬಳೇ, ಆಚಾರ್ಯರು ಅವಳಿಗೆ ಆದ ವಿಳಂಬ. ಮೊದಲನೆಯದು ತಪ್ಪು ಅಂತ ನಾನು ಹೇಳ್ತಿಲ್ಲ. ಆ ಕಾದಂಬರಿ ಬರೆದಿರೋದೇ ಪ್ರಾಣೇಶಾಚಾರ್ಯರ ಒಳಗಿನಿಂದ. ಆದರೆ ಇನ್ನೊಂದು ಸಿನಿಮಾ ಅಲ್ಲೇ ಮಲಗಿದೆ ಅನ್ನೋದು ಸಾಲು ಬದಲಿಸಿ ಬರೆದಾಗಲೇ ಕಾಣಿಸುತ್ತೆ.

ನೀವು ಬರೆಯುತ್ತಿರುವ ಸ್ಕ್ರಿಪ್ಟ್‌ಗೂ ಇದನ್ನ ಮಾಡಿ ನೋಡಿ. ನಿಮ್ಮ ಕಥೆಯಲ್ಲಿ ತೀರಾ ಕಡಿಮೆ ಮಾತಾಡುವ ಪಾತ್ರವನ್ನು ಆರಿಸಿ, ಅವರನ್ನು ‘ಯಾರು’ ಅನ್ನೋ ಜಾಗದಲ್ಲಿಟ್ಟು ಒಂದು ಸಾಲು ಬರೆಯಿರಿ. ಬರೆಯೋಕೆ ಆಗಲೇ ಇಲ್ಲ ಅಂದ್ರೆ, ಆ ಪಾತ್ರವನ್ನ ನೀವು ಪೀಠೋಪಕರಣದ ಹಾಗೆ ಇಟ್ಟಿದ್ದೀರಿ ಅಂತ ಅರ್ಥ.

ಒಂದು ಸಾಲನ್ನು ತಿದ್ದೋಣ

ಹೇಳೋದು ಸುಲಭ, ಮಾಡಿ ತೋರಿಸಬೇಕಲ್ಲ. ಒಂದು ಕಲ್ಪಿತ ಕಥೆ ಇಟ್ಕೊಳ್ಳೋಣ. ಬೆಂಗಳೂರಿನ ಡೆಲಿವರಿ ಕೆಲಸಗಾರನ ಬಗ್ಗೆ ಸಿನಿಮಾ ಮಾಡಬೇಕು ಅಂತ ಅನೇಕರಿಗೆ ಅನ್ನಿಸಿರುತ್ತೆ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತೆ:

‘ಮಹಾನಗರದಲ್ಲಿ ಬದುಕು ಕಟ್ಟಿಕೊಳ್ಳಲು ಹೆಣಗಾಡುವ ಡೆಲಿವರಿ ಹುಡುಗನೊಬ್ಬನ ಮನಮಿಡಿಯುವ ಕಥೆ.’

ಇದು ಕಥೆಯಲ್ಲ, ವಿಷಯ. ಹೆಣಗಾಟ ಅಂದ್ರೆ ಏನು? ಸೋಮವಾರ ಬೆಳಿಗ್ಗೆ ಅವನು ಏನು ಮಾಡ್ತಾನೆ? ಇದೇ ವಾಕ್ಯದಲ್ಲಿ ‘ಡೆಲಿವರಿ ಹುಡುಗ’ ತೆಗೆದು ‘ಆಟೋ ಚಾಲಕ’, ‘ಸಾಫ್ಟ್‌ವೇರ್ ಎಂಜಿನಿಯರ್’ ಅಂತ ಹಾಕಿ. ಏನೂ ವ್ಯತ್ಯಾಸ ಆಗಲ್ಲ. ಪಾತ್ರ ಬದಲಿಸಿದರೂ ಸಾಲು ಅಲುಗಾಡಲ್ಲ ಅಂದ್ರೆ ಸಾಲಿನಲ್ಲಿ ಕಥೆ ಇಲ್ಲ. ಇನ್ನೊಂದು ವಿಷಯ: ಅವನು ‘ಹುಡುಗ’ ಯಾಕೆ? ನಲವತ್ತರ ಗಂಡಸನ್ನೂ ನಾವು ಡೆಲಿವರಿ ಹುಡುಗ ಅಂತೀವಿ. ಕೆಲಸಗಾರ ಅಂತ ಬರೆದ ತಕ್ಷಣ ಕೂಲಿ, ಹಕ್ಕು, ಮಾಲೀಕ ಎಲ್ಲ ಪ್ರಶ್ನೆಗಳೂ ಬಾಗಿಲು ತಟ್ಟುತ್ತವೆ.

ಎರಡನೇ ಕರಡು:

‘ಸಿಂಧನೂರಿನಿಂದ ಬೆಂಗಳೂರಿಗೆ ಬಂದ ಡೆಲಿವರಿ ಕೆಲಸಗಾರನ ಐಡಿ ಒಂದು ಬೆಳಿಗ್ಗೆ ಬ್ಲಾಕ್ ಆಗುತ್ತದೆ. ಕೆಲಸ ಮರಳಿ ಪಡೆಯಲು ಅವನು ವ್ಯವಸ್ಥೆಯ ವಿರುದ್ಧ ಹೋರಾಡುತ್ತಾನೆ.’

ಪರವಾಗಿಲ್ಲ, ಒಂದು ಘಟನೆ ಬಂತು. ಆದರೆ ‘ವ್ಯವಸ್ಥೆಯ ವಿರುದ್ಧ ಹೋರಾಡುತ್ತಾನೆ’ ಅನ್ನೋದನ್ನ ಕ್ಯಾಮೆರಾ ಮುಂದೆ ಹೇಗೆ ತೋರಿಸ್ತೀರಿ? ನಮ್ಮಂಥ ರಾಜಕೀಯ ಆಸಕ್ತಿಯವರು ಬೀಳೋದು ಇದೇ ಹಳ್ಳಕ್ಕೆ. ವ್ಯವಸ್ಥೆ, ಪ್ರಭುತ್ವ, ಬಂಡವಾಳಶಾಹಿ ಎಲ್ಲ ನಿಜ. ಆದರೆ ದೃಶ್ಯದಲ್ಲಿ ಅವು ಒಬ್ಬ ಮನುಷ್ಯನಾಗಿ, ಒಂದು ಮೆಸೇಜಾಗಿ, ಒಂದು ಮುಚ್ಚಿದ ಬಾಗಿಲಾಗಿ ಬರಬೇಕು.

ಮೂರನೇ ಕರಡು:

‘ಒಂದು ಸ್ಟಾರ್ ರೇಟಿಂಗ್‌ನಿಂದ ಕೆಲಸ ಕಳೆದುಕೊಂಡ ಡೆಲಿವರಿ ಕೆಲಸಗಾರ, ಆ ರೇಟಿಂಗ್ ಕೊಟ್ಟ ಯುವತಿಯನ್ನು ಪತ್ತೆ ಹಚ್ಚಿ ಅದನ್ನು ಬದಲಿಸುವಂತೆ ಒಪ್ಪಿಸಬೇಕು.’

ನಿರ್ಮಾಪಕರ ಕಿವಿ ನಿಮಿರೋದು ಇಲ್ಲಿ. ಗುರಿ ಸ್ಪಷ್ಟ, ಎದುರಾಳಿ ಸ್ಪಷ್ಟ. ಹಾಗೇ ಒಂದು ಲವ್ ಟ್ರ್ಯಾಕ್ ಕೂಡ ಬಂದುಬಿಡುತ್ತೆ! ಆದರೆ ಸ್ವಲ್ಪ ನಿಂತು ಯೋಚಿಸಿ. ಒಬ್ಬ ಗಂಡಸು ಅಪರಿಚಿತ ಹೆಣ್ಣಿನ ಮನೆ ಹುಡುಕಿಕೊಂಡು ಹೋಗೋದನ್ನ ನಾವು ಹೀರೋಯಿಸಂ ಮಾಡ್ತಿದ್ದೀವಿ. ಅದಕ್ಕಿಂತ ದೊಡ್ಡ ಎಡವಟ್ಟು ಏನಂದ್ರೆ, ಕೆಲಸದಿಂದ ತೆಗೆದ ಕಂಪನಿ ಕಥೆಯಿಂದಲೇ ಮಾಯ ಆಯಿತು. ರೇಟಿಂಗ್ ಕೊಟ್ಟಿದ್ದು ಯುವತಿ ಇರಬಹುದು. ಒಂದು ರೇಟಿಂಗಿಗೆ ಒಬ್ಬನ ಅನ್ನ ಕಿತ್ಕೊಳ್ಳೋ ನಿಯಮ ಮಾಡಿದ್ದು ಯಾರು? ಸಾಲು ಚುರುಕಾಯಿತು, ಆದರೆ ಸುಳ್ಳಾಯಿತು.

ಈ ಹಂತದಲ್ಲಿ ಮೇಜು ಬಿಟ್ಟು ಏಳಬೇಕು. ವಿಷಯ ಓದಬೇಕು. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ಬಂದಿದೆ. ಕಂಪನಿಗಳು ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು ಅನ್ನೋದು ಅದರಲ್ಲಿದೆ. ಕೆಲಸದಿಂದ ತೆಗೆಯೋ ಮುಂಚೆ ಕಾರಣವನ್ನು ಬರವಣಿಗೆಯಲ್ಲಿ ಕೊಟ್ಟು, 14 ದಿನ ಮೊದಲೇ ನೋಟಿಸ್ ಕೊಡಬೇಕು ಅನ್ನೋದೂ ಇದೆ. 14 ದಿನ! ಕಥೆಗಾರರಿಗೆ ಇದು ಚಿನ್ನ. ‘ತಿಥಿ’ಗೆ ಹನ್ನೊಂದು ದಿನ ಇದ್ದ ಹಾಗೆ ನಮ್ಮ ಕಥೆಗೂ ಒಂದು ಗಡುವು ಕಾನೂನಿನಲ್ಲೇ ಸಿಕ್ಕಿತು.

ನಾಲ್ಕನೇ ಕರಡು:

‘ಗ್ರಾಹಕರ ಜೊತೆ ಜಗಳ ಮಾಡಿದ ಎಂಬ ಸುಳ್ಳು ದೂರಿನ ಮೇಲೆ ಡೆಲಿವರಿ ಕೆಲಸಗಾರನಿಗೆ ನೋಟಿಸ್ ಬಂದಿದೆ, ಉಳಿದಿರುವುದು 14 ದಿನ. ನಡೆದದ್ದನ್ನು ಕಣ್ಣಾರೆ ಕಂಡವನು ಅವನ ರೂಮ್‌ಮೇಟ್ ಒಬ್ಬನೇ. ಆದರೆ ಅವನೂ ಅದೇ ಆ್ಯಪ್‌ನಲ್ಲಿ ದುಡಿಯುತ್ತಾನೆ, ಸಾಕ್ಷಿ ಹೇಳಿದರೆ ಮುಂದಿನ ನೋಟಿಸ್ ತನಗೇ ಎಂದು ನಂಬಿದ್ದಾನೆ.’

ಇಲ್ಲಿ ಕಂಪನಿಯ ಹೆಸರಿಲ್ಲ, ಭಾಷಣ ಇಲ್ಲ, ‘ವ್ಯವಸ್ಥೆ’ ಅನ್ನೋ ಪದ ಇಲ್ಲ. ಆದರೆ ಭಯ ಹೇಗೆ ಇಬ್ಬರು ಗೆಳೆಯರನ್ನು ಎದುರಾಳಿಗಳನ್ನಾಗಿ ಮಾಡುತ್ತೆ ಅನ್ನೋದು ಸಾಲಿನಲ್ಲೇ ಬಂತು. ಈ ಇಬ್ಬರೂ ಇರೋ ಒಂದು ಸಣ್ಣ ರೂಮು, ರಾತ್ರಿ ಚಿತ್ರಾನ್ನ ಹಂಚಿಕೊಂಡು ತಿನ್ನೋ ಹೊತ್ತಿನ ಮೌನ, ಎಲ್ಲ ಕಣ್ಣಿಗೆ ಕಟ್ಟೋಕೆ ಶುರುವಾಗುತ್ತೆ. ಇನ್ನೂ ತಿದ್ದಬಹುದು. ಮೂರು ವಾಕ್ಯ ಎರಡಾಗಬಹುದು. ಆದರೆ ಈಗ ಪಾತ್ರ ಬದಲಿಸಿದರೆ ಸಾಲು ಕುಸಿದುಬೀಳುತ್ತೆ. ಕಥೆ ಹುಟ್ಟಿದೆ ಅನ್ನೋದಕ್ಕೆ ಅದೇ ಗುರುತು.

‘ಇಳಿದ’ ಮತ್ತು ‘ಇಳಿಸಿದ’

ಕನ್ನಡದಲ್ಲಿ ಒನ್‌ಲೈನ್ ಬರೆಯೋರಿಗೆ ಇನ್ನೊಂದು ತೊಡಕಿದೆ. ಅಂತರ್ಜಾಲದಲ್ಲಿ ಸಿಗೋ ಸೂತ್ರಗಳೆಲ್ಲ ಇಂಗ್ಲಿಷ್ ವಾಕ್ಯದ ಅಚ್ಚಿನವು. ಅದನ್ನ ಹಾಗೇ ಇಳಿಸಿದರೆ ‘ಯಾವಾಗ ಒಬ್ಬ ನಿವೃತ್ತ ಪೊಲೀಸ್ ತನ್ನ ಮಗಳನ್ನು ಕಳೆದುಕೊಳ್ಳುತ್ತಾನೋ, ಆಗ ಅವನು...’ ಅನ್ನೋ ಥರದ, ಯಾರ ಬಾಯಲ್ಲೂ ಬರದ ಕನ್ನಡ ಹುಟ್ಟುತ್ತೆ. ಎಲ್ಲವನ್ನೂ ಒಂದೇ ವಾಕ್ಯದಲ್ಲಿ ತುರುಕಬೇಕು ಅಂತ ಹೊರಟರೆ ‘ಬಂದ, ನೋಡಿದ, ಕಳೆದುಕೊಂಡ, ಹುಡುಕುತ್ತಿರುವ’ ಅಂತ ವಿಶೇಷಣಗಳ ರೈಲು ಕಟ್ಟಿ, ಕರ್ತೃ ಬರೋ ಹೊತ್ತಿಗೆ ಕೇಳುವವರು ಮೊಬೈಲ್ ತೆಗೆದಿರ್ತಾರೆ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತೆ. ಹಾಗಾಗಿ ಎರಡು ಮೂರು ಗಿಡ್ಡ ವಾಕ್ಯ ಬರೆಯಿರಿ, ನಡುವೆ ಒಂದು ‘ಆದರೆ’ ಇರಲಿ. ‘ಒಂದೂರಲ್ಲಿ ಒಬ್ಬ ರಾಜ, ಅವನಿಗೆ ಮಕ್ಕಳಿರಲಿಲ್ಲ’ ಅನ್ನೋ ಕಾಲದಿಂದ ನಮ್ಮ ಕಥೆಗಳ ನಡಿಗೆಯೇ ಅದು.

ಇದಕ್ಕಿಂತ ಮುಖ್ಯವಾದದ್ದು ಕರ್ತೃ. ಕನ್ನಡದಲ್ಲಿ ಕರ್ತೃವನ್ನು ಬಚ್ಚಿಡೋದು ಬಹಳ ಸುಲಭ. ‘ಮನೆಗಳು ನೆಲಸಮ’, ‘ಯುವಕನ ಮೇಲೆ ಹಲ್ಲೆ’, ‘ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕ ಸಾವು’. ಸುದ್ದಿ ಶೀರ್ಷಿಕೆಗಳನ್ನ ದಿನಾ ಓದ್ತೀವಿ. ಮಾಡಿದವರು ಯಾರು ಅನ್ನೋದು ವಾಕ್ಯದಲ್ಲೇ ಇರಲ್ಲ. ಕೊನೆಯದನ್ನೇ ನೋಡಿ. ‘ಇಳಿದ’ ಅಂದ್ರೆ ಅವನೇ ಇಳಿದ, ಅವನೇ ಸತ್ತ. ಮಲಗುಂಡಿಗೆ ಮನುಷ್ಯರನ್ನು ಇಳಿಸೋದಕ್ಕೆ 2013ರ ಕಾಯ್ದೆಯಲ್ಲಿ ನಿಷೇಧ ಇದೆ. ಹಾಗಾದ್ರೆ ವಾಕ್ಯ ‘ಇಳಿಸಿದ’ ಅಂತ ಆಗಬೇಕಲ್ಲವಾ? ‘ಇಳಿಸಿ’ ಅಂತ ಬರೆದ ತಕ್ಷಣ ‘ಯಾರು?’ ಅನ್ನೋ ಪ್ರಶ್ನೆ ತಾನಾಗಿ ಏಳುತ್ತೆ. ಒಂದೇ ಒಂದು ‘ಸಿ’ ಸೇರಿದ್ದಕ್ಕೆ ಕಥೆಯೊಳಗೆ ಒಬ್ಬ ಗುತ್ತಿಗೆದಾರ ಬಂದು ನಿಲ್ತಾನೆ, ಅವನ ಹಿಂದೆ ಒಂದು ಟೆಂಡರ್ ಬರುತ್ತೆ, ಅದರ ಹಿಂದೆ ಒಂದು ಕಚೇರಿ.

ಒನ್‌ಲೈನ್ ನಿಮ್ಮಿಂದ ಕೇಳೋದು ಇದೇ ಶಿಸ್ತನ್ನ. ಕರ್ತೃ ಇಲ್ಲದ ಸಾಲಿನಿಂದ ಸಿನಿಮಾ ಬರಲ್ಲ. ಅದಕ್ಕೇ ಹೇಳಿದ್ದು, ಇದನ್ನ ಅಭ್ಯಾಸ ಮಾಡಿದವರು ಪತ್ರಿಕೆಯನ್ನೂ ಬೇರೆ ಥರ ಓದ್ತಾರೆ ಅಂತ.

ಯಾರಿಗೆ ಸಾಲು ಬೇಕು, ಯಾರಿಗೆ ಬೇಡ

ಈಗ ಕಹಿ ಸತ್ಯ. ದೊಡ್ಡ ಹೀರೋ ಡೇಟ್ಸ್ ಕೊಟ್ಟರೆ ಒನ್‌ಲೈನ್ ಯಾರೂ ಕೇಳಲ್ಲ. ಹೀರೋ ಹೆಸರೇ ಒನ್‌ಲೈನ್. ಇಂಡಸ್ಟ್ರಿಯಲ್ಲಿ ಅಪ್ಪ, ಮಾವ, ಚಿಕ್ಕಪ್ಪ ಇದ್ದವರಿಗೆ ಕಥೆ ಕೂತು ಹೇಳೋಕೆ ಎರಡು ಗಂಟೆ ಸಿಗುತ್ತೆ. ಯಾರೂ ಇಲ್ಲದೆ ಕೊಪ್ಪಳದಿಂದಲೋ ಚಾಮರಾಜನಗರದಿಂದಲೋ ಬಂದವರಿಗೆ ಸಿಗೋದು ಲಿಫ್ಟ್ ಬರೋವರೆಗಿನ ಸಮಯ, ಇಲ್ಲಾ ಒಂದು ಮೆಸೇಜ್. ಫಿಲ್ಮ್ ಲ್ಯಾಬ್, ಫಂಡ್‌ಗಳ ಅರ್ಜಿಯಲ್ಲಿ ಲಾಗ್‌ಲೈನ್ ಅಂತ ಒಂದು ಕಾಲಂ ಇರುತ್ತೆ. ಸಾಮಾನ್ಯವಾಗಿ ಅದನ್ನ ಇಂಗ್ಲಿಷ್‌ನಲ್ಲೇ ತುಂಬಬೇಕು. ಅಂದ್ರೆ ಕನ್ನಡದ ಬದುಕನ್ನು ಕನ್ನಡ ಬಾರದ ಓದುಗರಿಗೆ ಮೂವತ್ತು ಪದದಲ್ಲಿ ಮನವರಿಕೆ ಮಾಡಬೇಕು. ಈ ಬಾಗಿಲು ಸಮಾನವಾಗಿಲ್ಲ. ಆದರೆ ಹಣ, ಹೆಸರು ಇಲ್ಲದವರ ಕೈಯಲ್ಲಿ ಇರೋ ಬಂಡವಾಳವೂ ಈ ಸಾಲೇ. ಅದಕ್ಕೇ ಅದನ್ನ ಅಸಡ್ಡೆ ಮಾಡಬೇಡಿ ಅನ್ನೋದು.

ಅಂದಹಾಗೆ, ‘ನನ್ನ ಸಾಲು ಕದ್ದುಬಿಟ್ರೆ?’ ಅನ್ನೋ ಭಯ ಹುಸಿಯಲ್ಲ. ಕಾನೂನು ಸಾಲನ್ನು ಕಾಯೋದಿಲ್ಲ. 1978ರ ಆರ್.ಜಿ. ಆನಂದ್ ವಿರುದ್ಧ ಡೀಲಕ್ಸ್ ಫಿಲ್ಮ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ವಿಚಾರಕ್ಕೆ, ವಸ್ತುವಿಗೆ ಕೃತಿಸ್ವಾಮ್ಯ ಇಲ್ಲ, ಅದನ್ನು ಅಭಿವ್ಯಕ್ತಿಸಿದ ರೀತಿಗೆ ಇದೆ. ಹಾಗಾಗಿ ಸಾಲು ಹೇಳೋ ಮುಂಚೆ ಕಥಾಸಾರವನ್ನೋ ಚಿತ್ರಕಥೆಯನ್ನೋ ಪೂರ್ತಿ ಬರೆದು, ಬರಹಗಾರರ ಸಂಘದಲ್ಲಿ ನೋಂದಾಯಿಸಿ. ಯಾರಿಗೆ, ಯಾವತ್ತು ಕಳಿಸಿದಿರಿ ಅನ್ನೋದು ಇಮೇಲ್‌ನಲ್ಲಿ ಉಳೀಲಿ. ಬಾಯಿ ಮಾತಿನ ನಂಬಿಕೆ ಒಳ್ಳೇದೇ, ಆದರೆ ಸಾಕಾಗಲ್ಲ.

ಎಲ್ಲವನ್ನೂ ಒಂದು ಸಾಲಿಗೆ ಇಳಿಸಬಹುದಾ?

ಇಲ್ಲ. ಮಳೆ ಬರೋದನ್ನ ಹತ್ತು ನಿಮಿಷ ತೋರಿಸಿ ಎದೆ ಭಾರ ಮಾಡೋ ಸಿನಿಮಾಗಳಿವೆ, ಅವನ್ನ ಸಾಲಿಗೆ ಇಳಿಸಿದರೆ ನೀರು ಸೋರಿ ಬರೀ ಬಟ್ಟೆ ಉಳಿದ ಹಾಗೆ. ಬದುಕಿನ ಗೊಂದಲವನ್ನ ಹೀರೋ, ವಿಲನ್, ಗುರಿ ಅಂತ ಕತ್ತರಿಸೋದರಲ್ಲಿ ಅಪಾಯವೂ ಇದೆ. ಅದೇ ಅಪಾಯವನ್ನ ಉರಿಗೌಡನ ಸಾಲಿನಲ್ಲಿ, 32,000ದ ಸಾಲಿನಲ್ಲಿ ನೋಡಿದೆವು. ಸಾಲು ಚುರುಕಾದಷ್ಟೂ ಸುಳ್ಳಿಗೆ ಜಾಗ ಜಾಸ್ತಿ. ನಮ್ಮ ಮೂರನೇ ಕರಡಿನಲ್ಲಿ ನಾವೇ ಆ ತಪ್ಪು ಮಾಡಿದೆವಲ್ಲ.

ಹಾಗಂತ ಸಾಲು ಬರೆಯೋದನ್ನೇ ಬಿಟ್ಟರೆ ಆ ಕೆಲಸ ಬೇರೆಯವರು ಮಾಡ್ತಾರೆ. ಅವರಿಗೆ ಪುರಾವೆಯ ಚಿಂತೆ ಇರಲ್ಲ. ಪ್ರಗತಿಪರರು ಅನ್ನಿಸಿಕೊಂಡ ನಮ್ಮ ಕಡೆಯಲ್ಲಿ ಒಂದು ರೋಗ ಇದೆ: ಹತ್ತು ಪುಟದ ಕರಪತ್ರ ಬರೀತೀವಿ, ಯಾರ ಕಥೆ ಹೇಳ್ತಿದ್ದೀವಿ ಅಂತ ಕೇಳಿದರೆ ‘ಸಮಾಜದ್ದು’ ಅಂತೀವಿ. ಸಮಾಜಕ್ಕೆ ಕ್ಲೋಸ್‌ಅಪ್ ಇಡೋಕೆ ಆಗಲ್ಲ. ಬಿಸಿಯೂಟದ ಶಿವಮ್ಮನಿಗೆ ಇಡಬಹುದು.

ಅದಕ್ಕೆ ಸಾಲು ಬರೆದ ಮೇಲೆ ಇನ್ನೊಂದು, ಐದನೇ ಪ್ರಶ್ನೆ ಕೇಳಿಕೊಳ್ಳೋಣ: ಈ ಸಾಲಿನಲ್ಲಿ ‘ಅಡ್ಡ ಬರುವವರು’ ಅಂತ ನಾನು ಯಾರನ್ನು ನಿಲ್ಲಿಸಿದ್ದೀನೋ, ಅವರು ನಿಜವಾಗಿ ಅಡ್ಡ ಬಂದವರಾ? ಅಥವಾ ನಿಲ್ಲಿಸೋಕೆ ಸುಲಭವಾಗಿ ಸಿಕ್ಕವರಾ? ಸ್ಟಾರ್ ಕೊಟ್ಟ ಯುವತಿ ಸುಲಭವಾಗಿ ಸಿಕ್ಕಳು. 1799ರ ಯುದ್ಧಕ್ಕೆ ಇಬ್ಬರು ಗೌಡರು ಸುಲಭವಾಗಿ ಸಿಕ್ಕರು.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಫೋನಿಗೆ ಫಾರ್ವರ್ಡ್ ಆಗಿ ಬಂದ ಒಂದು ಸಿಟ್ಟಿನ ಮೆಸೇಜ್ ತಗೊಳ್ಳಿ. ಅದನ್ನ ಒನ್‌ಲೈನ್ ಅಂತ ತಿಳ್ಕೊಂಡು ಈ ಐದು ಪ್ರಶ್ನೆ ಹಾಕಿ ನೋಡಿ. ಆಮೇಲೆ ಅದೇ ಕಾಗದದ ಹಿಂದೆ ನಿಮ್ಮ ಬೀದಿಯ ಒಂದು ಕಥೆಗೆ ಒಂದು ಸಾಲು ಬರೆಯಿರಿ. ಕರ್ತೃವನ್ನ ಮಾತ್ರ ಬಚ್ಚಿಡಬೇಡಿ.